ನೆಗೆಣ್ಣಿಯ ಬಂದೂಕು

ನನ್ನ ನೆಗೆಣ್ಣಿಯ ಬಲ ಅಂಗೈಯ ಬುಡ, ಮಣಿಕಟ್ಟಿಗೆ ಹತ್ತಿದ ಆ ದಪ್ಪ ಭಾಗ, ಹಳೇ ತೊಟ್ಟಿಲಿನ ಕಟ್ಟಿಗೆಯ ಹಾಗೆ ಕಂದಾಗಿ ಹೊಳೆಯುತ್ತಿತ್ತು. ಬೆರಳುಗಳೆಲ್ಲ ಮಾಮೂಲು. ಅದೊಂದು ಜಾಗ ಮಾತ್ರ ಎಣ್ಣೆ ಕುಡಿದು ಕುಡಿದು ಬೇರೆಯದೇ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಕೂತರೆ ಅಗಸೆಯ ವಾಸನೆ. ಊಟಕ್ಕೆ ಬಂದವರು ಅದನ್ನು ಚಟ್ನಿಪುಡಿಯ ವಾಸನೆ ಎಂದುಕೊಳ್ಳುತ್ತಿದ್ದರು. ಅದು ಬಂದೂಕಿನ ವಾಸನೆ ಎಂದು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಕಾನ್ವೆಂಟಿನಲ್ಲಿ ಓದಿ, ಒಂದು ಟ್ರಂಕು ಇಂಗ್ಲಿಷ್ ಕಾದಂಬರಿ ಹೊತ್ತುಕೊಂಡು ಹುನಗುಂದದ ಈ ಮನೆಗೆ ಸೊಸೆಯಾಗಿ ಬಂದವಳು. ಅವರು ಗುಡೂರಿನ ಕಡೆಯವರು, ಶಾಲೆ ಕಂಡದ್ದು ಕಡಿಮೆ. ನನ್ನ ಭುಜಕ್ಕೆ ಬರುತ್ತಿದ್ದರು, ಅಷ್ಟೇ ಎತ್ತರ. ನಾನು 'ಅಕ್ಕಾರ' ಅನ್ನುತ್ತಿದ್ದೆ, ಅವರು 'ತಂಗಿ' ಅನ್ನುತ್ತಿದ್ದರು. ಮಾತುಮಾತಿಗೆ ನಾನು 'ಮೈ ಗಾಡ್' ಅನ್ನುವುದನ್ನು ಕೇಳಿ ಒಂದು ದಿನ, "ಆ ನಿಮ್ಮ ಗಾಡಗ ಸ್ವಲ್ಪ ಆರಾಮ ಕೊಡ ತಂಗಿ. ದಿನಕ್ಕ ಎಷ್ಟ ಸಲ ಕರೀತಿ, ಪಾಪ" ಎಂದಿದ್ದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಭಾವನವರು ತೀರಿಕೊಂಡಾಗ ಅಕ್ಕನಿಗೆ ಮಕ್ಕಳಿರಲಿಲ್ಲ. ಇದ್ದದ್ದು ಹಳ್ಳದ ದಂಡೆಯ ಹೊಲ, ಅದರೊಳಗೆ ಗೋವಿನಜೋಳ ಮತ್ತು ಶೇಂಗಾ, ಅವಕ್ಕೆ ನುಗ್ಗುವ ಕಾಡುಹಂದಿಗಳು, ಮತ್ತು ಬೆಳೆ ಕಾಯಲು ಭಾವನವರು ಲೈಸೆನ್ಸ್ ಪಡೆದಿದ್ದ ಒಂಟಿ ನಳಿಗೆಯ ಬಂದೂಕು. ಆ ಬಂದೂಕಿನ ಹಿಡಿಗೆ, ಅಂದರೆ ಭುಜಕ್ಕೆ ಒತ್ತಿಕೊಳ್ಳುವ ಕಟ್ಟಿಗೆಯ ಭಾಗಕ್ಕೆ, ಗೆದ್ದಲು ಹತ್ತಿ ಸೀಳಿತ್ತು. ರಿಪೇರಿಗೆಂದು ಭಾವನವರು ಅದನ್ನು ಬಿಚ್ಚಿಟ್ಟಿದ್ದರು. ಅಷ್ಟರಲ್ಲಿ ಹೋಗಿಬಿಟ್ಟರು. ಕಾಯದೆಯಂತೆ ಕಬ್ಬಿಣದ ಭಾಗ ಪೊಲೀಸ್ ಠಾಣೆ ಸೇರಿತು. ಸೀಳಿದ ಕಟ್ಟಿಗೆ ಮನೆಯಲ್ಲಿ ಉಳಿಯಿತು.

"ಲೈಸೆನ್ಸ್ ನನ್ನ ಹೆಸರಿಗೆ ಮಾಡಸೂಣ ವೈನಿ. ಹೆಣ್ಮಕ್ಕಳಿಗ್ಯಾಕ ಬಂದೂಕಿನ ಉಸಾಬರಿ? ಹೊಲಾನೂ ನಾನ ನೋಡ್ಕೋತೇನಿ" ಎಂದು ಅತ್ತಿಗೆಗೆ ಹೇಳಿದರು ನನ್ನ ಗಂಡ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಅಕ್ಕ ಅಡಿಗೆಮನೆಗೆ ಬಂದು ನನಗೆ ಹೇಳಿದರು: "ಬಂದೂಕ ಯಾರ ಕೈಯಾಗೋ, ನಾಳೆ ಹೊಲಾನೂ ಅವರ ಕೈಯಾಗ. ನಾ ಬಿಡೂದಿಲ್ಲ." ಆ ವಾರವೇ ತಮ್ಮ ಹೆಸರಿಗೆ ಅರ್ಜಿ ಕೊಟ್ಟರು. ಬಂದೂಕು ಹಿಡಿಯುವ ತರಬೇತಿಗೆ ಬಾಗಲಕೋಟೆಗೆ ಬಸ್ಸಿನಲ್ಲಿ ಓಡಾಡಿದರು. ಇನ್ನೊಂದು ದಿನ ಸೀಳಿದ ಕಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಗುಳೇದಗುಡ್ಡಕ್ಕೆ ಹೋದರು. ಅಲ್ಲಿ ಮಗ್ಗದ ಸಾಮಾನು ಮಾಡುವ ಬಡಿಗನೊಬ್ಬ ಅವರ ತವರಿನ ಪರಿಚಯದವನು. ಹಳೆಯದನ್ನು ಮಾದರಿಯಾಗಿಟ್ಟುಕೊಂಡು ಶೀಸಮ್ ಕಟ್ಟಿಗೆಯಲ್ಲಿ ಅವನು ಹೊಸದನ್ನು ಕೆತ್ತಿದ. ಉದ್ದ ಮಾತ್ರ ಹಳೆಯದರದ್ದಲ್ಲ. ಅಕ್ಕ ಮೊಣಕೈ ಮಡಿಚಿ, ತೋಳಿನ ಮಡಿಕೆಯಿಂದ ತೋರುಬೆರಳಿನವರೆಗೆ ತಮ್ಮ ಅಳತೆ ಕೊಟ್ಟಿದ್ದರು.

ತಂದಾಗ ಆ ಕಟ್ಟಿಗೆ ಕಳೆಯಿಲ್ಲದೆ, ನೀರಿಲ್ಲದ ತುಟಿಯ ಹಾಗಿತ್ತು. ಫಿನಿಶಿಂಗ್ ಎಲ್ಲ ಅಕ್ಕನದೇ. ಒದ್ದೆ ಬಟ್ಟೆಯಿಂದ ಒರೆಸಿ, ಎದ್ದ ನಾರನ್ನು ಉಜ್ಜುಕಾಗದದಿಂದ ತಿಕ್ಕಿ ನುಣುಪು ಮಾಡಿದರು. ಆಮೇಲೆ ಗಾಣದಿಂದ ತಂದು ಬಿಸಿಲಿಗಿಟ್ಟು ಮಂದ ಮಾಡಿದ ಅಗಸೆ ಎಣ್ಣೆ. ಹನಿ ಬಿಟ್ಟುಕೊಂಡು, ರೊಟ್ಟಿ ಬಡಿಯುವ ಅದೇ ಅಂಗೈಯಿಂದ ಕಟ್ಟಿಗೆ ಬೆಚ್ಚಗಾಗುವವರೆಗೆ ಉಜ್ಜುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, ಭಾವನವರ ಹಳೇ ಧೋತರದ ತುಂಡಿನಿಂದ ಪೂರ್ತಿ ಒರೆಸಿ, ದಾರ ಕಟ್ಟಿ ತೊಲೆಗೆ ತೂಗುಬಿಡುತ್ತಿದ್ದರು. ಒಣಗಿದ ಮೇಲೆ ಮತ್ತೆ ಅದೇ. ಎಣ್ಣೆಯ ಆ ಬಟ್ಟೆಯನ್ನು ಗೋಡೆಯ ಮೇಲೆ ಹರವಿ ಒಣಗಿಸುತ್ತಿದ್ದರು. ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬೆಂಕಿ ಹತ್ತುತ್ತದಂತೆ.

"ಕುಡಿಯೂವಷ್ಟ ಕುಡಸಬೇಕು, ಉಳದದ್ದ ಒರಸಬೇಕು" ಎನ್ನುತ್ತಿದ್ದರು. ಇದನ್ನು ಕಟ್ಟಿಗೆಗೂ ಹೇಳುತ್ತಿದ್ದರು, ಅಳುವ ಕೂಸಿಗೆ ಹಾಲು ತುರುಕುವ ಹೊಸ ತಾಯಂದಿರಿಗೂ.

ನನಗೆ ಅಷ್ಟು ಪೇಷನ್ಸ್ ಇರಲಿಲ್ಲ. "ಅಕ್ಕಾರ, ಬಜಾರದಾಗ ವಾರ್ನಿಶ್ ಸಿಗತೈತ್ರಿ. ಎರಡ ಕೋಟ್ ಹೊಡದ್ರ ಫಸ್ಟ್ ಕ್ಲಾಸ್ ಶೈನ್ ಬರತೈತಿ" ಎಂದೆ.

"ವಾರ್ನಿಶ್ ಅಂದ್ರ ಅಂಗಿ ತೊಡಿಸಿದಂಗ ತಂಗಿ. ಅಂಗಿ ಹರೀತೈತಿ. ಇದು ಮೈಯಾಗ ಇಳೀಬೇಕು."

ಎದುರು ಮನೆಯಾಕೆ ಕಟ್ಟೆಯ ಮೇಲೆ ಕೂತು ದಿನವೂ ಮಜಾ ನೋಡುತ್ತಿದ್ದಳು. "ಕುದುರಿ ಪೊಲೀಸರ ಕಡೆ, ಜೀನು ಇಕಿ ಕಡೆ! ಲಿಂಗಾ ಕಟ್ಟಿದಾಕಿ ಬಂದೂಕ ಹೊಡೀತಾಳಂತ, ನೋಡ್ರೆವ್ವಾ!"

ಅಕ್ಕ ಉಜ್ಜುವುದನ್ನು ನಿಲ್ಲಿಸದೆ ಹೇಳಿದರು: "ಜೀನ ತಯಾರ ಇರ್ಲಿ, ಕುದುರಿ ಬರತೈತಿ. ಮತ್ತ ನಾ ಹೊಡಿಯೂದ ಆಕಾಶಕ್ಕವಾ. ಹಂದಿಗೆ ಸಪ್ಪಳ ಸಾಕು. ಹೆಣ ತಗೊಂಡ ನಾ ಏನ ಮಾಡ್ಲಿ? ನಿನಗೇನರ ಬೇಕಿತ್ತ?"

ಎದುರು ಮನೆಯಾಕೆ ಒಳಗೆ ಹೋದಳು.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಅಕ್ಕ ತವರಿನ ಮದುವೆಗೆ ಹೋಗಿದ್ದಾಗ ನನ್ನ ಗಂಡ ತೊಲೆಯಿಂದ ಅದನ್ನು ಇಳಿಸಿ, ಅಡಿಗೆಮನೆಯ ಶೇಂಗಾ ಎಣ್ಣೆಯನ್ನು ಧಾರಾಳವಾಗಿ ಹಚ್ಚಿಬಿಟ್ಟರು. "ಅಗಸಿ ಎಣ್ಣಿ ತೀರಿತ್ತು. ಎಣ್ಣಿ ಅಂದ್ರ ಎಣ್ಣಿ, ಅದರಾಗೇನು?" ಎಂದರು. ಸಹಾಯವೋ ಕುಚೇಷ್ಟೆಯೋ, ಇಂದಿಗೂ ನನಗೆ ಗೊತ್ತಿಲ್ಲ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಒಣಗುವ ಜಾತಿಯದ್ದಲ್ಲ. ಅಕ್ಕ ವಾಪಸು ಬರುವ ಹೊತ್ತಿಗೆ ಹಿಡಿ ಬೆಲ್ಲದಚ್ಚಿನಂತೆ ಜಿಗುಟಾಗಿ, ಧೂಳು ಮೆತ್ತಿ, ತುದಿಯಿಂದ ತುದಿಗೆ ಕೆಂಪಿರುವೆಗಳ ಸಾಲು ಹರಿದಾಡುತ್ತಿತ್ತು. ಅದೇ ದಿನ ಠಾಣೆಯಿಂದ ಹೇಳಿಕಳಿಸಿದ್ದರು. ಮುಂದಿನ ವಾರ ವಿಚಾರಣೆಗೆ ಬರಬೇಕು, ಹೊಸ ಕಟ್ಟಿಗೆ ಮಾಡಿಸಿದ್ದರೆ ಅದನ್ನೂ ತರಬೇಕು.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅಕ್ಕ ಸೀರೆಯೂ ಬದಲಿಸದೆ ಅಂಗಳದಲ್ಲಿ ಕೂತು ಇರುವೆ ಝಾಡಿಸಿದರು. ಟರ್ಪೆಂಟೈನ್ ಬಟ್ಟೆಯಿಂದ ಒರೆಸಿದರು. ಒಡೆದ ಗಾಜಿನ ಚೂರು ತೆಗೆದುಕೊಂಡು ಮೇಲಿನ ಪದರವನ್ನು ಕೆರೆಯತೊಡಗಿದರು. ಅಷ್ಟು ದಿನದ ಕೆಲಸ ಸಣ್ಣ ಸಣ್ಣ ಸುರುಳಿಯಾಗಿ ಮಡಿಲಿಗೆ ಉದುರುತ್ತಿತ್ತು.

"ಇದೊಂದ ಸಲ ವಾರ್ನಿಶ್ ಹೊಡಿರಿ ಅಕ್ಕಾರ, ಪ್ಲೀಸ್. ಟೈಮ್ ಇಲ್ಲ."

"ಜಿಗಟ ಹತ್ತಿದ್ರ, ಪದರ ಎದ್ದಿದ್ರ, ಹೆಣ್ಮಕ್ಕಳ ಆಟ ಇದು ಅಂತಾರ. ಹಂಗ ಅನಿಸ್ಕೊಳ್ಳಾಕ ನಾ ಒಲ್ಲೆ." ಮೈದುನನ ಕಡೆ ತಿರುಗಿ, "ನೀವು ಇನ್ನ ಶೇಂಗಾ ಎಣ್ಣಿ ಮಿರ್ಚಿ ಭಜಿಗಷ್ಟ ಮುಟ್ಟರಿ" ಎಂದರು. ಇಷ್ಟೇ ಬೈಗುಳ.

ಆ ವಾರ ಮನೆಯ ರೊಟ್ಟಿ ನಾನು ಮಾಡಿದೆ. ಒಂದೂ ದುಂಡಗಾಗಲಿಲ್ಲ, ಎಲ್ಲರೂ ತಿಂದರು. ಅಕ್ಕ ಮೊದಲಿಂದ ಶುರು ಮಾಡಿದ್ದರು. ಈ ಸಲ ಎಣ್ಣೆ ಇನ್ನೂ ತೆಳುವಾಗಿ, ಬಿಸಿಲಿನ ಜೊತೆ ಹಿಡಿಯನ್ನೂ ಅಂಗಳದಲ್ಲಿ ಸರಿಸುತ್ತ.

ಠಾಣೆಗೆ ಮೂವರೂ ಹೋದೆವು. ಹಿಡಿಯನ್ನು ಅಕ್ಕ ಖಣದ ಬಟ್ಟೆಯಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡಿದ್ದರು. ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಮರ್ಯಾದಸ್ಥರು. ಆದರೆ ಸಂಶಯ ಮುಚ್ಚಿಡಲಿಲ್ಲ.

"ಅಮ್ಮಾರ, ಖರೆ ಹೇಳ್ರಿ. ಹೆಸರ ನಿಮ್ಮದು, ಬಂದೂಕ ಹಿಡಿಯೂದ ಮನಿ ಗಂಡಸರು. ಹೌದಲ್ರಿ? ಇಂಥಾವು ಭಾಳ ನೋಡೇನಿ. ಹಂಗಿದ್ರ ನಾ ರಿಪೋರ್ಟ್ ಬರಿಯೂದಿಲ್ಲ."

ಅಕ್ಕ ಬಟ್ಟೆ ಬಿಚ್ಚಿ ಹಿಡಿಯನ್ನು ಮೇಜಿನ ಮೇಲಿಟ್ಟರು. "ಇವರ ಕೈಯಾಗ ಕೊಟ್ಟ ನೋಡ್ರಿ ಸಾಹೇಬ್ರ."

ನನ್ನ ಗಂಡ ಆರಡಿ ಎತ್ತರದವರು. ಭುಜಕ್ಕೆ ಒತ್ತಿಕೊಂಡು ಕೆನ್ನೆ ಇಟ್ಟರೆ ಮೊಣಕೈ ಕೋಳಿಯ ರೆಕ್ಕೆಯಂತೆ ಮಡಿಚಿ, ಹೆಬ್ಬೆರಳು ಹೋಗಿ ಮೂಗಿಗೆ ಬಡಿಯಿತು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕ. "ಈ ಹಿಡಿಲೇ ಇವರು ಹೊಡದ್ರ ಹಂದಿ ಉಳೀತೈತಿ, ಮೂಗ ಹೋಗತೈತ್ರಿ ಸರ."

ಆಮೇಲೆ ಅಕ್ಕ ಎತ್ತಿಕೊಂಡರು. ಸೆರಗು ಸೊಂಟಕ್ಕೆ ಸಿಗಿಸಿ, ಕಾಲು ಅಗಲಿಸಿ ನಿಂತು, ಹಣೆಯ ವಿಭೂತಿಯ ಕೆಳಗೆ ಒಂದು ಕಣ್ಣು ಕಿರಿದು ಮಾಡಿದರು. ಹಿಡಿ ಅವರ ಭುಜದಲ್ಲಿ, ಕೆನ್ನೆಯ ಕೆಳಗೆ ಸುಮ್ಮನೆ ಹೋಗಿ ಕೂತಿತು. ಬಂದೂಕೇ ಇಲ್ಲದ ಬರೀ ಕಟ್ಟಿಗೆ ಅದು, ಆದರೂ ಕೋಣೆಯಲ್ಲಿ ಯಾರೂ ಮತ್ತೆ ನಗಲಿಲ್ಲ.

ಸಾಹೇಬರು ಅದನ್ನು ಇಸಿದುಕೊಂಡು ಅಂಗೈ ಆಡಿಸಿದರು, ಕೈ ತಿರುಗಿಸಿ ನೋಡಿಕೊಂಡರು. ಏನೂ ಅಂಟಿರಲಿಲ್ಲ. "ಇದ್ಯಾವ ಪಾಲಿಶ್ರಿ?"

"ಪಾಲಿಶ್ ಅಲ್ರಿ. ಅಗಸಿ ಎಣ್ಣಿ, ಮತ್ತ ನನ್ನ ಕೈ."

ರಿಪೋರ್ಟ್ ಹೋಯಿತು, ಲೈಸೆನ್ಸ್ ಬಂತು. ಠಾಣೆಯ ಕಬ್ಬಿಣಕ್ಕೆ ಬಂದೂಕಿನ ಅಂಗಡಿಯವರು ಕಟ್ಟಿಗೆ ಜೋಡಿಸಿಕೊಟ್ಟರು. ಆ ಹೊಲವನ್ನು ಅಕ್ಕ ಕೊನೆಯವರೆಗೂ ತಾವೇ ಮಾಡಿಸಿದರು. ಸಂಜೆ ಹಳ್ಳದ ಕಡೆಯಿಂದ ಒಂದು ಢಂ ಕೇಳಿದರೆ ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ವೈನಿ ಆಕಾಶಕ್ಕ ಹೊಡದ್ರು" ಎನ್ನುತ್ತಿದ್ದರು. ದನಿಯಲ್ಲಿ ಹೆಮ್ಮೆ ಇರುತ್ತಿತ್ತು. ಕೇಳಿದರೆ ಒಪ್ಪುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕ ಹೋದರು. ದವಾಖಾನೆಗೆ ಸೇರಿಸಿದ ಮೇಲೆ ಹೆಚ್ಚು ದಿನ ಇರಲಿಲ್ಲ. ಬಂದೂಕು ಮತ್ತೆ ಠಾಣೆ ಸೇರಿತು. ಹೊಲ ನೋಡಿಕೊಳ್ಳುತ್ತಿರುವ ನನ್ನ ಮಗ ಈಗ ಅರ್ಜಿ ಹಾಕಿದ್ದಾನೆ. ಮೊನ್ನೆ ಊಟದ ಹೊತ್ತಿನಲ್ಲಿ ಹೇಳಿದ: "ದೊಡ್ಡವ್ವನ ಹಿಡಿ ಭಾಳ ಗಿಡ್ಡ ಐತಿ ಮಮ್ಮಿ. ಹಿಂದ ಒಂದ ತುಂಡ ಜೋಡಿಸಿ, ಮ್ಯಾಲ ಲ್ಯಾಕರ್ ಹೊಡಸಿದ್ರ ಬ್ರ್ಯಾಂಡ್ ನ್ಯೂ ಆಗತೈತಿ."

"ನೋ" ಎಂದೆ. "ನಿನ್ನ ತೋಳಿಗೆ ಬ್ಯಾರೆ ಮಾಡಿಸ್ಕೋ. ಬಂದೂಕ ಠಾಣೆಯಿಂದ ಬಂದ ಮ್ಯಾಲ ಅದನ್ನ ಬಿಚ್ಚಿ ನನಗ ತಂದ ಕೊಡು."

ಸೆಂಟಿಮೆಂಟಲ್ ಆಗಬೇಡ ಎಂದ. ಖರ್ಚಿನ ಮಾತು ತೆಗೆದ. ಸೊಸೆ ನಕ್ಕಳು. ಮನೆಯಲ್ಲಿ ಮಾತು ಬೆಳೆದಾಗಲೆಲ್ಲ ಕೋಣೆಗೆ ಹೋಗಿ ಪುಸ್ತಕ ಹಿಡಿದು ಕೂತವಳು ನಾನು, ಇಡೀ ಜೀವಮಾನ. ಅವತ್ತು ಅವನು "ಆತು ಬಿಡವಾ" ಅನ್ನುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.