ಬ್ಯಾಟರಿಗೆ ಇಟ್ಟ ಕುಂಕುಮ

ನನ್ನ ಅತ್ತೆ ನನ್ನ ಕಾರು ಹತ್ತಲು ಒಪ್ಪುವುದಕ್ಕೆ ಆರು ವರ್ಷ ಹಿಡಿಯಿತು. ನಾನು ಡ್ರೈವಿಂಗ್ ಕಲಿತದ್ದು ನಲವತ್ತೆಂಟನೇ ವಯಸ್ಸಿನಲ್ಲಿ. ಆಗ ಬಸವೇಶ್ವರನಗರದ ನಮ್ಮ ಮನೆಯ ಗೇಟಿಗೆ ಒಮ್ಮೆ ಗುದ್ದಿದ್ದೆ. ಒಮ್ಮೆ ಅಂದರೆ ಒಂದೇ ಸಲ! ಆ ಸೊಟ್ಟ ಕಂಬಿಯನ್ನು ಬಂದ ನೆಂಟರಿಗೆಲ್ಲ ತೋರಿಸಿ ಅತ್ತೆ, "ಇವಳ ಕಾರಲ್ಲಿ ಕೂರೋದಕ್ಕಿಂತ ನಡ್ಕೊಂಡೇ ಹೋಗ್ತೀನಿ" ಎನ್ನುತ್ತಿದ್ದರು.

ನಡೆಯುವ ಕಾಲ ಮುಗಿಯಿತು. ಮಂಡಿ ನೋವು ಬಂದು ಆಟೋ ಹತ್ತುವುದೂ ಕಷ್ಟವಾಯಿತು. ಕೆಂಗೇರಿಯಲ್ಲಿರುವ ಅವರ ಅಕ್ಕನಿಗೂ ಅದೇ ಗತಿ. ಅಕ್ಕ ತಂಗಿ ಮುಖ ನೋಡಿ ಎರಡು ವರ್ಷವಾಗಿತ್ತು. ದಿನಾ ಫೋನಿನಲ್ಲಿ ಜಗಳವಾಡಿ ಇಡುತ್ತಿದ್ದರು. ಕಳೆದ ದಸರಾ ಮುಗಿದ ವಾರ ಅಕ್ಕ, "ಒಬ್ಬಟ್ಟು ಮಾಡಿಸ್ತೀನಿ, ಒಂದ್ಸಲ ಬಂದ್ಹೋಗೇ" ಎಂದು ಫೋನಿನಲ್ಲೇ ಅತ್ತುಬಿಟ್ಟರು. ಅತ್ತೆ ನನ್ನ ಹತ್ತಿರ ಬಂದು, ಗೋಡೆಯ ಕಡೆ ನೋಡುತ್ತಾ, "ನಿಧಾನಕ್ಕೆ ಓಡಿಸ್ತೀಯೇನೇ?" ಎಂದರು. ಲೈಸೆನ್ಸ್ ಸಿಕ್ಕ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಚಕ್ಕುಲಿ ಡಬ್ಬಿ ಇಟ್ಟುಕೊಂಡು ನನ್ನ ಪಕ್ಕ ಕೂತರು. ಕೀ ತಿರುಗಿಸಿದೆ. ಟಕ್. ಇನ್ನೊಮ್ಮೆ ತಿರುಗಿಸಿದೆ. ಟಕ್. ಅಷ್ಟೇ.

"ಏನೇ ಅದು?"

"ಏನಿಲ್ಲ ಅತ್ತೆ, ಒಂದ್ನಿಮಿಷ."

"ಹೊರಡೋವಾಗ್ಲೇ ಹಿಂಗಂದ್ರೆ ಅಪಶಕುನ ಕಣೇ. ಸರಿಹೋಗ್ಲಿಲ್ಲ ಅಂದ್ರೆ ಇಳ್ದ್ಬಿಡ್ತೀನಿ. ಆಮೇಲೆ ಮತ್ತೆ ಹತ್ತು ಅಂತ ನನ್ನ ಕೇಳ್ಬೇಡ."

ಇಳಿದರೆ ಮತ್ತೆ ಹತ್ತುವ ಹೆಂಗಸಲ್ಲ ಅದು. ಕೆಂಗೇರಿಯಲ್ಲಿ ಅಕ್ಕ ಆಗಲೇ ಹೂರಣ ರುಬ್ಬಿಸುತ್ತಿರಬೇಕು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ನನಗೆ ಎರಡೂ ಒಟ್ಟಿಗೇ ಬರುತ್ತವೆ.

ಅಷ್ಟರಲ್ಲಿ ಎದುರು ಮನೆಯ ಅಂಕಲ್ ಪೇಪರ್ ಮಡಚಿಕೊಂಡು ಹಾಜರ್. ಕರೆಯದೇ ಬರುವುದು ಅವರ ಒಳ್ಳೆಯ ಗುಣ.

"ಬ್ಯಾಟರಿ ಸತ್ತೋಗಿದೆ ಬಿಡಮ್ಮ."

ಹಾರ್ನ್ ಒತ್ತಿದೆ. ಬೀದಿಗೆ ಬೀದಿಯೇ ತಿರುಗಿ ನೋಡಿತು. "ಸತ್ತಿದ್ದು ಹಿಂಗೆ ಕಿರುಚುತ್ತಾ ಅಂಕಲ್?"

"ಹಾಗಾದ್ರೆ ಪೆಟ್ರೋಲಿಲ್ಲ."

"ಹಬ್ಬಕ್ಕೆ ಮುಂಚೆ ತುಂಬ್ಸಿದೀನಿ."

"ಹಾಗಾದ್ರೆ ತಳ್ಳೋಣ!" ನಮ್ಮ ಬೀದಿಯಲ್ಲಿ ಗಾಡಿಯ ಎಲ್ಲ ಕಾಯಿಲೆಗೂ ಅದೇ ಮದ್ದು.

ಹೆಗ್ಗನಹಳ್ಳಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಆತ ಹಬ್ಬಕ್ಕೆ ಊರಿಗೆ ಹೋದವನು ಇನ್ನೂ ಬಂದಿರಲಿಲ್ಲ. "ಅಕ್ಕಾ, ಹೆಡ್‌ಲೈಟ್ ಹಾಕ್ಕೊಂಡು ಕೀ ತಿರುಗ್ಸಿ. ಲೈಟ್ ಏನಾಗುತ್ತೆ ಹೇಳಿ" ಎಂದ. ಅಂಕಲ್ ಕಾರಿನ ಮುಂದೆ ನಿಂತು ಕಾಮೆಂಟರಿ ಶುರು ಮಾಡಿದರು: "ಆರಿಹೋಯ್ತು! ಬಂತು! ಮತ್ತೆ ಆರಿಹೋಯ್ತು!"

"ಕರೆಂಟ್ ಇದೆ ಅಕ್ಕಾ, ದಾಟ್ತಾ ಇಲ್ಲ. ಕೀ ತೆಗ್ದು, ಬಾನೆಟ್ ಎತ್ತಿ, ಟರ್ಮಿನಲ್ ಮೆಲ್ಲಗೆ ಮುಟ್ನೋಡಿ. ಯಾವುದು ಬಿಸಿ ಇದ್ಯೋ ಅದೇ ಕಳ್ಳ."

ಬ್ಯಾಟರಿಯ ಮೇಲಿನ ಎರಡು ಸೀಸದ ಗೂಟಗಳಿಗೆ ವಯರಿನ ಹಿಡಿ ಕಚ್ಚಿಕೊಂಡಿರುವ ಜಾಗವೇ ಟರ್ಮಿನಲ್. ಪ್ಲಸ್ ಕಡೆಯದು ಬೆಚ್ಚಗಿತ್ತು. ಹಿಡಿಯ ಅಂಚಿನಲ್ಲಿ ಒಣಗಿದ ಕೆಂಪು ಕಂಡಿತು. ಅಯ್ಯೋ ನನ್ನ ಕರ್ಮವೇ!

ಎಲ್ಲ ನೆನಪಾಯಿತು. ಆಯುಧಪೂಜೆಯ ದಿನ ಕಾರು ತೊಳೆದ ಮೇಲೆ, ಮೆಕ್ಯಾನಿಕ್ ಕಲಿಸಿದ್ದಂತೆ ಎರಡೂ ಹಿಡಿಗಳನ್ನು ಬಿಚ್ಚಿ ಒರೆಸುತ್ತಿದ್ದೆ. ನೋಡುತ್ತಾ ನಿಂತಿದ್ದ ಅತ್ತೆಗೆ, "ಇದೇ ಅತ್ತೆ, ಕಾರಿನ ಜೀವ" ಎಂದಿದ್ದೆ. ಒಣಬಟ್ಟೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಆ ಸೀಸದ ಗೂಟಗಳಿಗೆ ವಿಭೂತಿ, ಗಂಧ, ಕುಂಕುಮ ಎಲ್ಲ ಆಗಿತ್ತು. "ದಿನಾ ಓಡಾಡೋಳು ನೀನು. ಜೀವಕ್ಕೇ ಇಟ್ಟಿದೀನಿ" ಎಂದಿದ್ದರು. ಎಲ್ಲದಕ್ಕೂ ವಾದ ಮಾಡುವ ನನಗೆ ಅದನ್ನು ಒರೆಸಲು ಮನಸ್ಸು ಬರಲಿಲ್ಲ. ಪೂಜೆ ಮಾಡಿದ್ದನ್ನು ಯಾರಾದರೂ ಒರೆಸುತ್ತಾರೆಯೇ? ಅದರ ಮೇಲೇ ಹಿಡಿ ಕೂರಿಸಿ ಬಿಗಿದಿದ್ದೆ. ಗಂಧ ಹಸಿಯಾಗಿದ್ದ ಆ ದಿನ ಕಾರು ಹೇಗೋ ಹೊರಟು ನಿಂಬೆಹಣ್ಣು ತುಳಿದಿತ್ತು. ಆಮೇಲೆ ನನಗೆ ರಜೆಯಿದ್ದದ್ದರಿಂದ ವಾರವಿಡೀ ನಿಂತಲ್ಲೇ ನಿಂತು, ಗಂಧ ಒಣಗಿ ಗಟ್ಟಿಯಾಗಿತ್ತು.

"ಏನಂತೇ?" ಅತ್ತೆ ಕಿಟಕಿಯಿಂದ ಕೂಗಿದರು.

"ತುಕ್ಕು ಅತ್ತೆ, ತುಕ್ಕು!"

"ಇದು ಕುಂಕು..." ಎಂದು ಬಾಯಿ ತೆರೆದ ಅಂಕಲ್ ಕಡೆ ನಾನು ನೋಡಿದ ನೋಟಕ್ಕೆ ಅವರು ಪೇಪರ್ ಬಿಡಿಸಿಕೊಂಡರು.

ಹತ್ತನೇ ನಂಬರ್ ಸ್ಪ್ಯಾನರ್ ತಂದೆ. ಮೊದಲು ಮೈನಸ್ ಬಿಚ್ಚಿದೆ, ಆಮೇಲೆ ಪ್ಲಸ್. ಒದ್ದೆ ಬಟ್ಟೆಯಲ್ಲಿ ಒರೆಸಿ, ಪಾತ್ರೆ ಉಜ್ಜುವ ಹೊಸ ಸ್ಟೀಲ್ ನಾರಿನಿಂದ ಸೀಸ ಹೊಳೆಯುವವರೆಗೂ ಉಜ್ಜಿ, ಒಣಗಿಸಿದೆ. ಬಾನೆಟ್ಟಿನ ಮರೆಯಲ್ಲಿ ಕಳ್ಳತನ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಪ್ಲಸ್ ಹಾಕಿ, ಕೊನೆಗೆ ಮೈನಸ್ ಬಿಗಿದೆ. ಹಿಡಿಗಳನ್ನು ಅಲ್ಲಾಡಿಸಿದೆ, ಅಲ್ಲಾಡಲಿಲ್ಲ.

ಕೀ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್! ಅಂಕಲ್ ತಾವೇ ರಿಪೇರಿ ಮಾಡಿದವರಂತೆ ಚಪ್ಪಾಳೆ ಹೊಡೆದರು.

ಅತ್ತೆ ಪರ್ಸಿನಿಂದ ಪುಟ್ಟ ಕುಂಕುಮದ ಡಬ್ಬಿ ತೆಗೆದರು. "ಅತ್ತೆ, ಬ್ಯಾಟರಿಗೆ ಬೇಡ..."

"ಗೊತ್ತು ಕಣೇ. ತುಕ್ಕು ಕೆಂಪಗಿರುತ್ತೆ, ನಿಜ. ಒರೆಸೋವಾಗ ಗಂಧದ ವಾಸನೆ ಬರುತ್ತಾ?"

ನಾನು ತಲೆ ತಗ್ಗಿಸಿದೆ.

"ಈ ಕಡೆ ತಿರುಗು" ಎಂದು ನನ್ನ ಗದ್ದ ಹಿಡಿದೆತ್ತಿ ಹಣೆಗೆ ಕುಂಕುಮ ಇಟ್ಟರು. "ಓಡಿಸೋಳಿಗೆ ಇಡೋದು ಬಿಟ್ಟು ಅದಕ್ಯಾಕೆ ಇಟ್ನೋ. ನಡಿ ಈಗ, ಅಕ್ಕ ಕಾಯ್ತಿರ್ತಾಳೆ."

ನನಗೆ ಕಣ್ಣು ತುಂಬಿ ಬಂತು. ಕಣ್ಣು ತುಂಬಿದರೆ ಗೇಟು ಕಾಣುವುದಿಲ್ಲವಲ್ಲ. ಸೆರಗಿನಲ್ಲಿ ಒರೆಸಿಕೊಂಡು, ಆ ಸೊಟ್ಟ ಕಂಬಿಗೆ ತಾಗದಂತೆ ಕಾರನ್ನು ಬೀದಿಗೆ ತಂದೆ. ಕೆಂಗೇರಿ ಮುಟ್ಟಿದಾಗ ಅಕ್ಕ ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. "ಇಷ್ಟು ಹೊತ್ತೇನೇ? ಯಾರೇ ಓಡಿಸ್ಕೊಂಡ್ ಬಂದಿದ್ದು?" ಎಂದು ಅಲ್ಲಿಂದಲೇ ಗದರಿದರು.

"ಇನ್ಯಾರು, ನನ್ನ ಸೊಸೆ" ಎಂದರು ಅತ್ತೆ, ಬಾಗಿಲು ತೆರೆಯುವ ಮೊದಲೇ.