ಬಿಳಗಿಗೆ ಹೊರಟ ಜೀಪು

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳುವುದು ಬೇಡ. ಶಿರಸಿಯಲ್ಲಿ ನನ್ನನ್ನು ಎದುರಿಗೆ ‘ವೈರಿಂಗ್ ಮಿಸ್ತ್ರಿ’ ಎಂದು ಕರೆಯುತ್ತಿದ್ದವರೇ ಬೆನ್ನ ಹಿಂದೆ ‘ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು’ ಅನ್ನುತ್ತಿದ್ದರು. ಸುಳ್ಳಲ್ಲ. ನಟ್ಟು ಕೆಳಗೆ ಬಿದ್ದರೆ ನಟ್ಟಿಗೂ ಬೈಯುತ್ತಿದ್ದೆ, ಅದು ಉರುಳಿ ಹೋದ ನೆಲಕ್ಕೂ ಬೈಯುತ್ತಿದ್ದೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆ ಜೀಪುಗಳು ಒಂದೊಂದಾಗಿ ನಮ್ಮ ಕಡೆ ಬರತೊಡಗಿದ್ದವು. ಯುದ್ಧ ಕಂಡು ಬಂದ ಗಾಡಿಗಳಿಗೆ ಯಲ್ಲಾಪುರದ ಘಟ್ಟ, ಸಿದ್ದಾಪುರದ ಕೆಸರು ಯಾವ ಲೆಕ್ಕ? ಎಂಜಿನ್ನು ಗಟ್ಟಿಯಾಗಿಯೇ ಇರುತ್ತಿತ್ತು. ಹಾಳಾಗುತ್ತಿದ್ದುದು ವೈರು. ಆಗಿನದು ಬಟ್ಟೆ ಸುತ್ತಿದ ವೈರು. ಬೇಸಿಗೆಗೆ ಒಣಗಿ, ಮಳೆಗಾಲಕ್ಕೆ ಬೂಸ್ಟು ಹಿಡಿದು, ಇಲಿ ಕಡಿದು, ಬಣ್ಣವೆಲ್ಲ ಹೋಗಿ ಎಲ್ಲವೂ ಒಂದೇ ಮಣ್ಣಿನ ಬಣ್ಣಕ್ಕೆ ಬಂದಿರುತ್ತಿತ್ತು. ಯಾವುದು ದೀಪದ್ದು, ಯಾವುದು ಹಾರ್ನಿನದು ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ನಾನು ಬಿಚ್ಚುವಾಗಲೇ ಒಂದೊಂದಕ್ಕೂ ದಾರ ಕಟ್ಟುತ್ತಿದ್ದೆ. ದೀಪಕ್ಕೆ ಒಂದು ಗಂಟು, ಹಾರ್ನಿಗೆ ಎರಡು, ಕಿಡಿ ಹುಟ್ಟಿಸುವ ಕಾಯಿಲ್ಲಿಗೆ ಮೂರು. ಈ ವಿದ್ಯೆ ಯಾರೂ ಕಲಿಸಿದ್ದಲ್ಲ, ಎರಡು ಗಾಡಿ ಸುಟ್ಟುಕೊಂಡ ಮೇಲೆ ಬಂದದ್ದು.

ಆ ವರ್ಷದ ನವರಾತ್ರಿಯಲ್ಲಿ ಬನವಾಸಿ ಕಡೆಯ ಗೌಡರೊಬ್ಬರ ಜೀಪು ನನ್ನ ಶೆಡ್ಡಿನಲ್ಲಿತ್ತು. ಶೆಡ್ಡು ಎಂದರೆ ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ಬಾಡಿಗೆ ಮನೆಯ ಪಕ್ಕಕ್ಕೆ ಇಳಿಸಿದ ತಗಡು. ಮನೆಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರೇ. ಮದುವೆಯಾಗಿ ವರ್ಷ ಕಳೆದಿತ್ತು, ಅವಳಿಗೆ ಆರು ತಿಂಗಳು ತುಂಬಿತ್ತು. ಅವಳ ತವರು ಸಿದ್ದಾಪುರದ ಆಚೆ ಬಿಳಗಿ. ಅಲ್ಲಿ ಅವಳ ತಾಯಿ, ಅಣ್ಣ.

ಸಪ್ತಮಿಯ ದಿನ ಬಿಳಗಿಯಿಂದ ಬಂದವರೊಬ್ಬರು ಬಾಗಿಲಲ್ಲಿ ನಿಂತು ಹೇಳಿದರು: ಅವಳ ತಾಯಿ ಹಾಸಿಗೆ ಹಿಡಿದಿದ್ದಾರೆ, ಗಂಜಿಯೂ ಇಳಿಯುತ್ತಿಲ್ಲ, ಮಗಳನ್ನು ಒಂದು ಸಲ ನೋಡಬೇಕು ಅನ್ನುತ್ತಿದ್ದಾರೆ. ಅವಳು ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿಕೊಂಡೇ ಹೊರಗೆ ಬಂದಳು.

“ಬಸ್ಸಿಗೆ ಹೋಗ್ತೆ ನಾನು,” ಅಂದಳು.

“ಬಸ್ಸಿಗೆ ಎಂತಕ್ಕೆ? ಹಬ್ಬದ ರಶ್ಶು. ನಿಂತ್ಕಂಡು ಹೋಗ್ತ್ಯಾ ಈ ಹೊಟ್ಟೆ ಇಟ್ಕಂಡು? ಗೌಡ್ರು ದಸರೆಗೆ ಬನ್ನಿ ಕೊಡೂಕೆ ಸಿದ್ದಾಪುರಕ್ಕೇ ಹೋಗ್ತಾರೆ. ನಾನು ಹೇಳ್ತೆ. ಮನೆ ಬಾಗಿಲಿಗೇ ಬಿಡ್ತಾರೆ.”

ಹೇಳಿದ ಕಾರಣ ಸುಳ್ಳಾಗಿರಲಿಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನಾನು ಕೈಯಾರೆ ವೈರಿಂಗ್ ಮಾಡಿದ ಜೀಪಿನಲ್ಲಿ ನನ್ನ ಹೆಂಡತಿ ತವರಿನ ಅಂಗಳದಲ್ಲಿ ಇಳಿಯಬೇಕು, ಅತ್ತೆಯ ಕೇರಿಯವರೆಲ್ಲ ನೋಡಬೇಕು ಎಂಬ ಚಪಲ ನನಗಿತ್ತು. ಅವಳು ಗಂಟನ್ನು ಬಾಗಿಲ ಮರೆಯಲ್ಲಿಟ್ಟಳು.

ಅಷ್ಟಮಿ ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಗುಂಡಿ ಒತ್ತಿದೆ, ಒಂದೇ ಸುತ್ತಿಗೆ ಎಂಜಿನ್ನು ಹಿಡಿಯಿತು. ಅರ್ಧ ಗಂಟೆ ಓಡಿಸಿ ನೋಡಿದೆ, ಕೆಮ್ಮಿಲ್ಲ, ಸೀನಿಲ್ಲ. ಮರುದಿನ ಆಯುಧಪೂಜೆ. ನಮ್ಮಲ್ಲಿ ಒಮ್ಮೆ ಪಾನಾ, ಪಕ್ಕಡ್ಡು ದೇವರ ಮುಂದೆ ಇಟ್ಟೆವೆಂದರೆ ಮರುದಿನ ಮರುಪೂಜೆ ಆಗುವ ತನಕ ಮುಟ್ಟುವ ಹಾಗಿಲ್ಲ; ಗಾಡಿಯನ್ನೂ ಅಲುಗಾಡಿಸುವುದಿಲ್ಲ. ನವಮಿಯ ಬೆಳಿಗ್ಗೆ ನಾನು ಜೀಪಿಗೆ ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಗೆಳೆಯರ ಅಂಗಡಿಗಳ ಪೂಜೆಗೆ ಹೋದೆ. ಉಳಿದ ಪೂಜೆ ಅವಳು ಮಾಡಿದಳು.

ವಿಜಯದಶಮಿಯ ಬೆಳಿಗ್ಗೆ, ನಾನು ಹೇಳಿಕಳಿಸಿದ್ದಂತೆ ಗೌಡರು ಬಸ್ಸಿಳಿದು ಬಂದರು. ತಲೆಗೆ ಬಿಳಿ ಪಟಗ, ಹಣೆ ತುಂಬ ವಿಭೂತಿ.

“ಏನ್ರಿ ಮಿಸ್ತ್ರಿ, ನಮ್ಮ ಗಾಡಿ ತಯಾರ್ ಐತೇನ್ರಿ? ತಂಗೀನ್ನ ಕರೀರಿ. ದಸರಿ ದಿನ ಹೆಣ್ಮಗಳು ಮೊದಲ ಕುಂತ್ರ ಛಲೋ ಆಕ್ಕೈತಿ.”

ಅವಳು ಮಿಂದು, ಹೂ ಮುಡಿದು, ಬೆಳಗಿನಿಂದ ಮೆಟ್ಟಿಲ ಮೇಲೇ ಕೂತಿದ್ದಳು. ನಾನು ಮೀಸೆ ತಿರುವಿಕೊಂಡು ಗುಂಡಿ ಒತ್ತಿದೆ. ಎಂಜಿನ್ನು ತಿರುಗಿತು, ತಿರುಗಿತು, ಸೈಲೆನ್ಸರಿನಲ್ಲಿ ಫಟ್ ಎಂದು ಒಂದು ಸಲ ಹೊಡೆಯಿತು. ಅಷ್ಟೇ. ಇನ್ನೊಂದು ಸಲ. ಮತ್ತೊಂದು ಸಲ. ನನ್ನ ಕಿವಿ ಬಿಸಿಯಾಯಿತು.

ಬಾನೆಟ್ ಎತ್ತಿದೆ. ಬ್ಯಾಟರಿ ಸರಿ. ಕಾಯಿಲ್ಲಿನ ವೈರು ತೆಗೆದು ಗಾಡಿಯ ತಗಡಿಗೆ ಹಿಡಿದರೆ ನೀಲಿ ಕಿಡಿ ಚಟಚಟ ಹಾರುತ್ತದೆ. ಪ್ಲಗ್ಗಿನಲ್ಲಿ ಮಾತ್ರ ಏನೂ ಇಲ್ಲ. ತಲೆ ನೆಟ್ಟಗಿರುವವನಾದರೆ ಆಗಲೇ ನಡುವಿನ ಡಿಸ್ಟ್ರಿಬ್ಯೂಟರನ್ನು ನೋಡುತ್ತಿದ್ದ. ಕಾಯಿಲ್ಲಿನಿಂದ ಬಂದ ಕಿಡಿಯನ್ನು ನಾಲ್ಕು ಪ್ಲಗ್ಗಿಗೆ ಸರದಿಯಂತೆ ಹಂಚುವುದೇ ಅದು. ಆದರೆ ಅದರ ಮುಚ್ಚಳ ನಾನೇ ಒರೆಸಿ ಕೂರಿಸಿದ್ದೆ, ಅದನ್ನು ಮತ್ತೆ ತೆಗೆದು ನೋಡುವುದೆಂದರೆ ನನ್ನ ಕೆಲಸವನ್ನು ನಾನೇ ಅನುಮಾನಿಸಿದಂತೆ. ಹಾಗಾಗಿ ಹೊಸ ವೈರಿನದೇ ದೋಷವೆಂದು ಹಟ ಹಿಡಿದು, ನಾಲ್ಕು ದಿನ ಕೂತು ಕಟ್ಟಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದೆ. ಬಿಸಿಲು ನೆತ್ತಿಗೆ ಬಂತು. ಸಿದ್ದಾಪುರದ ಬಸ್ಸೂ ಹೊರಟುಹೋಯಿತು.

ಅವಳು ಮೆಲ್ಲಗೆ ಹತ್ತಿರ ಬಂದು, “ಇನ್ನೂ ಎಷ್ಟು ಹೊತ್ತಾಗ್ತದೆ?” ಅಂದಳು.

“ಸಾಯ್ಲಿ ನಿನ್ನ ಅವಸರ. ನಿನ್ನ ತವರೇನು ಎದ್ದು ಓಡಿ ಹೋಗ್ತದ್ಯಾ?”

ಗೌಡರು ಬೇರೆ ಕಡೆ ಮುಖ ತಿರುಗಿಸಿದರು. ಅವಳು ಮೆಟ್ಟಿಲಿಗೆ ಹಿಂತಿರುಗಿದಳು. ಆಡಿದ ಮೇಲೆ ಆ ಮಾತು ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು. ತಾಯಿ ಉಳಿಯುತ್ತಾಳೋ ಇಲ್ಲವೋ ಎಂದು ಮೂರು ದಿನದಿಂದ ಸರಿಯಾಗಿ ಉಣ್ಣದವಳಿಗೆ ಹೇಳುವ ಮಾತೇ ಅದು? ಆದರೂ ಸಿಟ್ಟಿನಲ್ಲಿದ್ದವನ ನಾಲಿಗೆ ಹಿಂದಕ್ಕೆ ಬರುವುದಿಲ್ಲ. ಬೇರೇನೂ ತೋಚದೆ ಡಿಸ್ಟ್ರಿಬ್ಯೂಟರಿನ ಎರಡು ಕೊಕ್ಕೆ ಬಿಡಿಸಿ ಆ ಕರಿಯ ಮುಚ್ಚಳ ಎತ್ತಿದೆ.

ಒಳಗೆಲ್ಲ ಕೆಂಪು. ನಡುವಿನ ಹಿತ್ತಾಳೆಯ ಪಟ್ಟಿಗೆ ನೀಟಾಗಿ ಒಂದು ಬೊಟ್ಟು ಕುಂಕುಮ, ಮುಚ್ಚಳದೊಳಗಿನ ನಾಲ್ಕು ಮೊಳೆಗಳಿಗೆ ನಾಲ್ಕು ಬೊಟ್ಟು. ನೀರಲ್ಲಿ ಕಲಸಿ ಇಟ್ಟದ್ದು, ಹರಿದು ಒಂದಕ್ಕೊಂದು ಸೇರಿಕೊಂಡಿತ್ತು. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಆ ಒದ್ದೆ ಕುಂಕುಮದ ದಾರಿ ಹಿಡಿದು ಅಲ್ಲಲ್ಲೇ ಸುಟ್ಟು ಕರಿ ಗೆರೆ ಕೊರೆದಿತ್ತು. ಕಾರು ಪೂಜೆಯಲ್ಲಿ ಗಾಜಿಗೆ, ಸ್ಟೇರಿಂಗಿಗೆ ಬೊಟ್ಟಿಡುವವರನ್ನು ಕಂಡಿದ್ದೆ. ಇಷ್ಟು ಒಳಗೆ ಕೈ ಹಾಕಿದವರನ್ನು ಕಂಡಿರಲಿಲ್ಲ.

ಮುಚ್ಚಳ ಹಿಡಿದುಕೊಂಡೇ ಮೆಟ್ಟಿಲ ಬಳಿ ಹೋದೆ. ಬೈಯಲೆಂದೇ ಹೋದದ್ದು, ಬಾಯಿ ತೆರೆದೂ ಆಗಿತ್ತು. ಅವಳು ಮುಚ್ಚಳ ನೋಡಿದಳು, ನನ್ನ ಮುಖ ನೋಡಿದಳು.

“ಅದರಿಂದ ಆತಾ?” ಅಂದಳು.

“ಇದರೊಳಗೆ ಕೈ ಹಾಕು ಅಂತ ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಿಲ್ಲೆ. ದಿನಾ ನಿಮ್ಗೆ ಶಾಕ್ ಹೊಡೆಯೂದು ಅಲ್ಲೇ ಅಲ್ಲವ? ಮೊನ್ನೆನೂ ಕೈ ಝಾಡಿಸಿ ಅಷ್ಟು ದೂರ ಬಿದ್ರಿ. ಎದ್ದು ನಗಾಡಿದ್ರಿ. ನಂಗೆ ನಗಾಡೂಕೆ ಬರೂದಿಲ್ಲ. ನಾನು ಬಿಳಗಿಗೆ ಹೋದ್ರೆ ಇಲ್ಲಿ ನೀವು ಬಿದ್ರೆ ಎತ್ತೂಕೆ ಯಾರೂ ಇಲ್ಲ. ಅದಕ್ಕೇ ಅಲ್ಲಿ ಇಟ್ಟೆ, ಇವರಿಗೆ ಎಂತದೂ ಮಾಡಬೇಡ ಅಂತ ಕೇಳ್ಕಂಡೆ.”

ಆ ಕಾಯಿಲ್ಲಿನ ಶಾಕು ಮಿಸ್ತ್ರಿಗಳಿಗೆ ಸೊಳ್ಳೆ ಕಚ್ಚಿದ ಹಾಗೆ; ಅದಕ್ಕೆ ಯಾರೂ ಸಾಯುವುದಿಲ್ಲ ಎಂದು ಅವಳಿಗೆ ಒಂದು ದಿನವಾದರೂ ಕೂರಿಸಿಕೊಂಡು ಹೇಳಿದ್ದೆನೇ? ಇಲ್ಲ. ತಾನು ತಾಯಿಯ ಹತ್ತಿರ ಹೋಗಬೇಕಾದ ದಾರಿಯನ್ನು ನನ್ನ ಜೀವಕ್ಕಾಗಿ ಅವಳೇ ಮುಚ್ಚಿಕೊಂಡಿದ್ದಳು, ತಿಳಿಯದೆ. ನಾನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ. ಆಗ ನಾನು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಬರೆಯುತ್ತೇನೆ.

“ಏನ್ ಸಿಕ್ತ್ರಿ?” ಎಂದು ಗೌಡರು ಶೆಡ್ಡಿನಿಂದ ಕೂಗಿದರು.

“ನನ್ನದೇ ತಪ್ಪು ಗೌಡ್ರೇ. ಪೂಜೆ ದಿನ ಒದ್ದೆ ಕೈಯಲ್ಲಿ ಮುಚ್ಚಳ ತೆಗೆದಿದ್ದೆ.”

ತಪ್ಪು ನನ್ನದು ಎಂಬ ಮಾತು ಆ ಶೆಡ್ಡಿನಲ್ಲಿ ಅದಕ್ಕೂ ಮೊದಲು ಕೇಳಿಬಂದಿರಲಿಲ್ಲ. ಗೌಡರು ಹುಬ್ಬೇರಿಸಿದರು.

ಹೊಸ ಮುಚ್ಚಳ ಬೇಕೆಂದರೆ ಹುಬ್ಬಳ್ಳಿಗೇ ಹೋಗಬೇಕು. ಅಷ್ಟು ಹೊತ್ತೆಲ್ಲಿ? ಪೆಟ್ರೋಲಿನಲ್ಲಿ ಕುಂಕುಮ ತೊಳೆದೆ. ಸುಟ್ಟ ಗೆರೆಯನ್ನು ಬ್ಲೇಡಿನ ತುದಿಯಿಂದ ಬಿಳಿ ಪುಡಿ ಬರುವ ತನಕ ಕೆರೆದೆ, ಮೇಲೆ ವಾರ್ನಿಶ್ ಬಳಿದು ಬಿಸಿಲಿಗಿಟ್ಟೆ. ಅದು ಒಣಗುವಷ್ಟರಲ್ಲಿ ಬಿಚ್ಚಿದ ವೈರೆಲ್ಲ ಮತ್ತೆ ಕಟ್ಟಿದೆ. ಅವಳು ಪಕ್ಕದಲ್ಲಿ ನಿಂತು ದಾರದ ಗಂಟು ಎಣಿಸಿ ಎಣಿಸಿ ಒಂದೊಂದೇ ತುದಿ ನನ್ನ ಕೈಗೆ ಕೊಟ್ಟಳು. ಒಂದೂ ತಪ್ಪಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಂಜಿನ್ನು ಹಿಡಿಯಿತು.

ದಾರಿಯಲ್ಲೆಲ್ಲಾದರೂ ನಿಂತರೆ ಎಂದು ನಾನೂ ಹತ್ತಿದೆ. ಗೌಡರು ತಮ್ಮ ಬನ್ನಿಯ ಮಾತೇ ಎತ್ತದೆ ಸಿದ್ದಾಪುರ ದಾಟಿಸಿ ಸೀದಾ ಬಿಳಗಿಗೆ ಬಿಟ್ಟರು. ದಾರಿಯುದ್ದಕ್ಕೂ ನನ್ನ ಕಿವಿ ಎಂಜಿನ್ನಿನ ಮೇಲೆ, ಅವಳ ಕಣ್ಣು ರಸ್ತೆಯ ಮೇಲೆ. ಅಂಗಳದಲ್ಲಿ ಗಾಡಿ ನಿಂತಾಗ ಕೇರಿಯವರು ಬಂದು ನೋಡಿದರೋ ಇಲ್ಲವೋ ನನಗೆ ನೆನಪಿಲ್ಲ. ಅವಳ ಅಣ್ಣ ಹೊರಗೆ ಬಂದು, “ಬಾ, ಅವ್ವಂಗೆ ಇನ್ನೂ ಎಚ್ಚರ ಇದ್ದು,” ಅಂದದ್ದು ಮಾತ್ರ ನೆನಪಿದೆ.

ಅತ್ತೆ ಚಾಪೆಯ ಮೇಲೆ ಒಂದು ಹಿಡಿಯಷ್ಟಾಗಿದ್ದರು. ಅವಳು ಪಕ್ಕದಲ್ಲಿ ಕೂತು ಅವರ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಅವರು ಮೆಲ್ಲಗೆ ಕೇಳಿದರು:

“ಮಗಾ, ಅವರು ಬೈತಾರನೇ? ಸಿಟ್ಟು ಜಾಸ್ತಿ ಅಂತ ಹೇಳ್ತಿದ್ರು ಜನ.”

ನಾನು ಬಾಗಿಲಲ್ಲೇ ನಿಂತಿದ್ದೆ. ಮಧ್ಯಾಹ್ನ ನಾನು ಆಡಿದ ಮಾತು ಇನ್ನೂ ಒಣಗಿರಲಿಲ್ಲ.

“ಇಲ್ಲವ್ವಾ,” ಅಂದಳು. “ನನ್ನ ಮೇಲೆ ಒಂದು ದಿನಾನೂ ದನಿ ಎತ್ತಿದೋರಲ್ಲ.”

ಅತ್ತೆ ಸಮಾಧಾನದಿಂದ ಕಣ್ಣು ಮುಚ್ಚಿದರು. ಐದನೆಯ ದಿನ, ಆ ಮಾತನ್ನು ನಂಬಿಕೊಂಡೇ ಹೋಗಿಬಿಟ್ಟರು. ಅವರ ನಂಬಿಕೆಯನ್ನು ಸುಳ್ಳು ಮಾಡಬಾರದು ಎಂದು ಆಮೇಲಿನ ಇಷ್ಟು ವರ್ಷ ಪ್ರಯತ್ನಪಟ್ಟಿದ್ದೇನೆ. ಎಷ್ಟೋ ದಿನ ಆಗಲಿಲ್ಲ.