ಟ್ರಿನಿಡಾಡಿನ ಜಟಾಯು

ಬೆಳಗ್ಗೆ ಅಂಗಡಿಯಲ್ಲಿ ವಡೆಯಂಥ ಬಾರಾ ಕರಿಯಲು ಎಣ್ಣೆ ಕಾಯಿಸುವ ಮೊದಲು ಬೂಧ್ರಾಮ್ ಚಾಚಾ ಎರಡೂ ತೋಳು ಚಾಚಿ ರೆಕ್ಕೆ ಬಡಿಯುವುದನ್ನು ಎಂದೂ ತಪ್ಪಿಸಿದವರಲ್ಲ. ಊರ ರಾಮಲೀಲೆಯಲ್ಲಿ ಮೊದಲಿನಿಂದಲೂ ಅವರೇ ಜಟಾಯು. ತಾಲೀಮು ಶುರುವಾದರೆ ಮೀನು, ರಮ್ ಎರಡನ್ನೂ ಬಿಟ್ಟುಬಿಡುತ್ತಾರೆ. ಬಂದವರನ್ನು ಕತ್ತು ಕೊಂಕಿಸಿ ಹದ್ದಿನ ಹಾಗೆಯೇ ನೋಡುತ್ತಾರೆ. “ಚಾಚಾ, ಮೊದಲು ಬಾರಾ ಕೊಡು, ಆಮೇಲೆ ಹಾರು!” ಎಂದು ಗಿರಾಕಿಗಳು ಛೇಡಿಸುತ್ತಾರೆ. ರಾವಣನ ಕತ್ತಿ ತಗುಲಿದ ಮೇಲೂ ಅವರು ಮೈದಾನವನ್ನೆಲ್ಲ ಸುತ್ತಿ ಬೀಳುವಷ್ಟರಲ್ಲಿ, ಕಾದು ಕಾದು ರಾವಣನೇ ಆಕಳಿಸುತ್ತಾನೆ. ಈ ಸಲ ಅವರ ಮಂಡಿ ಊದಿದ್ದನ್ನು ಕಂಡು, ರಾಮಲೀಲೆ ಕಲಿಸುವ ದ್ರೋಪತಿ, “ದಶರಥನ ಪಾರ್ಟು ಮಾಡಿ ಚಾಚಾ, ಸಿಂಹಾಸನದ ಮೇಲೆ ಕೂತಿದ್ರೆ ಸಾಕು” ಎಂದಳು. ಮಕ್ಕಳಿಲ್ಲದ ಚಾಚಾ ಕೈಮುಗಿದರು: “ಬೇಡ ಮಗಳೇ. ನಾಲ್ಕು ಮಕ್ಕಳಿದ್ರೂ ದಶರಥ ಸಾಯೋವಾಗ ರಾಮ ಹತ್ರ ಇರ್ಲಿಲ್ಲ. ನಂಗೆ ಅದೇ ರಾಮ ವರ್ಷ ವರ್ಷವೂ ತೊಡೆ ಕೊಟ್ಟು, ಮಗನ ಹಾಗೆ ಕೊಳ್ಳಿ ಇಡ್ತಾನೆ.”